ಓಪನ್‌ಫೋಮ್‌ನಲ್ಲಿ 4 ಪ್ರೊಸೆಸ್‌ಗಿಂತ 16 ಪ್ರೊಸೆಸ್ ನಿಧಾನ ಯಾಕೆ?

ಲ್ಯಾಪ್‌ಟಾಪ್‌ನಲ್ಲಿ 8 ಕೋರ್, 16 ಥ್ರೆಡ್ ಇದೆ, ಮೆಶ್‌ನಲ್ಲಿ (ಹರಿವಿನ ಜಾಗವನ್ನು ಸಣ್ಣ ತುಂಡುಗಳಾಗಿ ಹಂಚಿದ ಬಲೆ) ಆರು ಲಕ್ಷ ಸೆಲ್ ಇವೆ, ಆದರೂ ದ್ರವದ ಹರಿವು ಲೆಕ್ಕ ಹಾಕುವ ಓಪನ್‌ಫೋಮ್ ಸಾಫ್ಟ್‌ವೇರ್‌ಗೆ 16 ಪ್ರೊಸೆಸ್ (ಒಟ್ಟಿಗೆ ಓಡುವ ಪ್ರತಿಗಳು) ಕೊಟ್ಟಾಗ 4ಕ್ಕಿಂತ ನಿಧಾನ ಅಂತ ಬರೆದಿದ್ದೀರಿ. ನಾನು ಪುಣೆಯ ಭೋಸರಿಯಲ್ಲಿ ಪಂಪ್‌ಗಳ ಸಿಮ್ಯುಲೇಷನ್ ಮಾಡುತ್ತೇನೆ. ಇದೇ ಕಷ್ಟ ನಾನೂ ಪಟ್ಟಿದ್ದೇನೆ.

ಮೊದಲು ಲಾಗ್ ಫೈಲ್‌ನ ಶುರುವಿನಲ್ಲಿ ಎನ್‌ಪ್ರಾಕ್ಸ್ (ಪ್ರೊಸೆಸ್‌ಗಳ ಸಂಖ್ಯೆ) ಅನ್ನುವ ಸಾಲು ನೋಡಿ. ಅಲ್ಲಿ 16 ಇರಬೇಕು. 1 ಅಂತ ಇದ್ದು, ಒಂದೊಂದು ಸಾಲೂ ಹದಿನಾರು ಸಲ ಬಂದಿದ್ದರೆ ಕೆಲಸ ಹಂಚಿಕೆಯೇ ಆಗಿಲ್ಲ. ಪ್ರೊಸೆಸ್‌ಗಳನ್ನು ಒಟ್ಟಿಗೆ ಶುರು ಮಾಡುವ ಎಂಪಿಐರನ್ ಕಮಾಂಡ್‌ನ ಕೊನೆಯಲ್ಲಿ 'ಹೈಫನ್ ಪ್ಯಾರಲಲ್' ಹಾಕೋದು ಬಿಟ್ಟುಹೋದರೆ ಹೀಗಾಗುತ್ತದೆ. ಹದಿನಾರು ಪ್ರೊಸೆಸ್‌ಗಳೂ ಅದೇ ಲೆಕ್ಕವನ್ನು ಪೂರ್ತಿಯಾಗಿ ಮಾಡುತ್ತಾ ಕೂರುತ್ತವೆ. ನನ್ನ ಒಂದು ಇಡೀ ರಾತ್ರಿ ಹೀಗೆ ಹೋಗಿದೆ. ಎಲ್ಲ ಕೋರ್‌ಗಳೂ ನೂರಕ್ಕೆ ನೂರು ಓಡುತ್ತಿದ್ದವು, ಹಾಗಾಗಿ ಅನುಮಾನವೇ ಬರಲಿಲ್ಲ.

ಅದು ಸರಿ ಇದ್ದರೆ, 16 ಅನ್ನೋದನ್ನು ಮರೆತುಬಿಡಿ. ನಿಮ್ಮ ಹತ್ತಿರ ಇರುವುದು 8 ಕೋರ್ ಮಾತ್ರ. ಎರಡು ಥ್ರೆಡ್‌ಗಳು ಒಂದೇ ಕೋರ್‌ನ ಲೆಕ್ಕದ ಯಂತ್ರವನ್ನು ಹಂಚಿಕೊಳ್ಳುತ್ತವೆ. ಈ ತರಹದ ಕೆಲಸಕ್ಕೆ ಅದರಿಂದ ಲಾಭ ಕಡಿಮೆ.

ಆದರೆ 8ರಲ್ಲೂ ನೀವು ಅಂದುಕೊಂಡಷ್ಟು ವೇಗ ಬರದೆ ಇರಬಹುದು. ನಿಜವಾದ ತೊಂದರೆ ಇರುವುದು ರ್‍ಯಾಮ್‌ನಲ್ಲಿ. ದ್ರವದ ಹರಿವಿನ ಲೆಕ್ಕದಲ್ಲಿ ಗುಣಾಕಾರ ಕೂಡಿಸುವಿಕೆಗಿಂತ ಮೆಮೊರಿಯಿಂದ ಅಂಕಿ ತರುವ ಕೆಲಸವೇ ಜಾಸ್ತಿ. ಬಾವಿಗೆ ಒಂದೇ ರಾಟೆ ಇದ್ದರೆ ಎಂಟು ಜನ ಕೊಡ ಹಿಡಿದು ನಿಂತರೂ ನೀರು ಅಷ್ಟೇ ಬರೋದು, ಅಲ್ವಾ? ಡಿಡಿಆರ್4-3200 ರ್‍ಯಾಮ್‌ನ ಒಂದು ಚಾನೆಲ್ (ಪ್ರೊಸೆಸರ್‌ಗೆ ಅಂಕಿ ಹೋಗುವ ದಾರಿ) ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಕೊಡುತ್ತದೆ, ಎರಡು ಚಾನೆಲ್ ಸೇರಿದರೆ 51.2. ತುಂಬಾ ಲ್ಯಾಪ್‌ಟಾಪ್‌ಗಳು ಒಂದೇ ರ್‍ಯಾಮ್ ಪಟ್ಟಿ ಹಾಕಿಕೊಂಡು ಬರುತ್ತವೆ, ಅಂದರೆ ಒಂದೇ ಚಾನೆಲ್. ನಿಮ್ಮದೂ ಹಾಗೇ ಇದ್ದು, ಇನ್ನೊಂದು ಸ್ಲಾಟ್ ಖಾಲಿ ಇದ್ದರೆ, ಅದೇ ಅಳತೆಯ ಇನ್ನೊಂದು ಪಟ್ಟಿ ಹಾಕಿಸಿ. ಹೊಸ ಪ್ರೊಸೆಸರ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿದ್ದು ಇದೇ ಪುಣೆಯಲ್ಲಿ. ಅದರಲ್ಲಿ ಒಂದೊಂದು ಪ್ರೊಸೆಸರ್‌ಗೂ ಅದರದ್ದೇ ಮೆಮೊರಿ ಇತ್ತು. ಗಣೇಶ್‌ಖಿಂಡ್ ಕಡೆ ಹೋದಾಗೆಲ್ಲ ನನಗೆ ಅದು ನೆನಪಾಗುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂಟು ಕೋರ್‌ಗಳಿಗೂ ಸೇರಿ ಒಂದೇ ಉಗ್ರಾಣ.

ಈಗ ಅಳೆದು ನೋಡಿ. 1, 2, 4, 6, 8 ಪ್ರೊಸೆಸ್‌ಗಳಲ್ಲಿ ಐವತ್ತು ಐವತ್ತು ಇಟರೇಷನ್ (ಲೆಕ್ಕದ ಸುತ್ತು) ಓಡಿಸಿ. 1 ಬಿಟ್ಟು ಉಳಿದ ಪ್ರತಿ ಸಲ, ಮೆಶ್ ಹಂಚಿಕೆಯ ಸೆಟ್ಟಿಂಗ್ ಇರುವ ಡೀಕಂಪೋಸ್‌ಪಾರ್‌ಡಿಕ್ಟ್ ಫೈಲ್‌ನಲ್ಲಿ ಪ್ರೊಸೆಸ್ ಸಂಖ್ಯೆ ಬದಲಿಸಿ, ಹಳೆಯ ಹಂಚಿಕೆ ಅಳಿಸಲು 'ಹೈಫನ್ ಫೋರ್ಸ್' ಹಾಕಿ ಮತ್ತೆ ಡೀಕಂಪೋಸ್‌ಪಾರ್ ಓಡಿಸಬೇಕು. ಮೆಶ್ ಹಂಚೋಕೆ ಸ್ಕಾಚ್ ವಿಧಾನ ಸಾಕು. ಲಾಗ್‌ನಲ್ಲಿ ಎಕ್ಸಿಕ್ಯೂಷನ್‌ಟೈಮ್, ಕ್ಲಾಕ್‌ಟೈಮ್ ಎರಡೂ ಬರುತ್ತವೆ. ಹೋಲಿಸಬೇಕಾದ್ದು ಕ್ಲಾಕ್‌ಟೈಮ್, ಯಾಕಂದರೆ ಗೋಡೆ ಗಡಿಯಾರದ ಸಮಯ ಅದೇ. ಎಕ್ಸಿಕ್ಯೂಷನ್‌ಟೈಮ್ ಅಂದರೆ ಪ್ರೊಸೆಸರ್ ಕೆಲಸ ಮಾಡಿದ ಸಮಯ. ಕ್ಲಾಕ್‌ಟೈಮ್ ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಪ್ರೊಸೆಸ್‌ಗಳು ಸುಮ್ನೆ ಕಾಯುತ್ತಿವೆ ಅಂತ ಅರ್ಥ. ಆಗ ಫಲಿತಾಂಶವನ್ನು ಡಿಸ್ಕ್‌ಗೆ ಎಷ್ಟು ಸಲ ಬರೆಯುತ್ತಿದ್ದೀರಿ ನೋಡಿ.

ವೇಗ ಎಲ್ಲಿ ಏರೋದು ನಿಲ್ಲುತ್ತದೋ ಅಲ್ಲೇ ನೀವೂ ನಿಲ್ಲಿ. 4 ಬಂದರೆ 4. ಉಳಿದ ಕೋರ್‌ಗಳನ್ನು ಹಾಗೇ ಬಿಡೋಕೆ ಮನಸ್ಸು ಒಪ್ಪೋದಿಲ್ಲ, ಗೊತ್ತು. ಆದರೂ ಬಿಡಿ. ಐದು ಓಟಗಳ ಕ್ಲಾಕ್‌ಟೈಮ್ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.