ಹೊಳೆ ಇಳಿದ ಮೇಲೆ ಬರುವ ಜ್ವರ

ಓದುಗರ ಪತ್ರ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಎನ್‌ಎಸ್‌ಎಸ್ ನೋಡಿಕೊಳ್ಳುತ್ತೇನೆ. ಹರಿಹರದಲ್ಲಿ ಹೊಳೆದಂಡೆಯ ಮನೆಗಳಿಗೆ ನುಗ್ಗಿದ್ದ ನೀರು ಇಳಿದ ಮೇಲೆ ನಮ್ಮ ಹುಡುಗರು ಹೋಗಿ ರಾಡಿ ತೆಗೆದರು. ವಾಪಸ್ ಬಂದು ಹತ್ತು ದಿನಕ್ಕೆ ಒಬ್ಬನಿಗೆ ಜ್ವರ. ಮನೆಯವರು ಮೆಡಿಕಲ್ ಶಾಪಿನ ಮಾತ್ರೆ ಕೊಟ್ಟು ನೋಡಿದರು. ಕಡಿಮೆಯಾಗದೆ ಆಸ್ಪತ್ರೆಗೆ ಹೋದರೆ ಇಲಿ ಜ್ವರ ಅಂದರು. ಈಗ ಹುಷಾರಾಗಿದ್ದಾನೆ. ಆದರೆ ಪೋಷಕರು ಇನ್ನು ಮಕ್ಕಳನ್ನು ಕಳಿಸಲ್ಲ ಎನ್ನುತ್ತಿದ್ದಾರೆ. ಹೊಳೆದಂಡೆಯ ಹಿರಿಯರೋ, "ನಾವು ಹುಟ್ಟಿದಾಗಿಂದ ಇದೇ ನೀರಲ್ಲಿದ್ದೀವಿ, ಏನಾಗಿದೆ?" ಎಂದು ನಗುತ್ತಾರೆ. ಮುಂದಿನ ಸಲ ಎಲ್ಲರಿಗೂ ಮೊದಲೇ ಮಾತ್ರೆ ಕೊಟ್ಟುಬಿಟ್ಟರೆ ಸಾಕಲ್ವಾ?

ಸಂಪಾದಕರ ಉತ್ತರ:

ಸಾಲದು ಮೇಷ್ಟ್ರೇ. ಮಾತ್ರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಹುಡುಗ ಚೇತರಿಸಿಕೊಂಡ ಅಂತ ಓದಿ ಸಮಾಧಾನವಾಯಿತು.

ಆ ಹಿರಿಯರು ಸುಳ್ಳು ಹೇಳುತ್ತಿಲ್ಲ. ಹರಿಹರದ ಗಂಗಾನಗರ, ಹೊನ್ನಾಳಿಯ ಬಾಲರಾಜ್ ಘಾಟ್‌ನವರಿಗೆ ತುಂಗಭದ್ರೆ ಹೊಸಬಳಲ್ಲ. 2019ರ ಆಗಸ್ಟ್‌ನ ನೆರೆ ಅವರಿಗೆ ಇನ್ನೂ ನೆನಪಿದೆ. ಆದರೆ ಅವರು ಈಜಿದ ಹೊಳೆಯ ನೀರೇ ಬೇರೆ, ಬೀದಿಗೆ ಬಂದ ನೀರೇ ಬೇರೆ. ಬೀದಿಗೆ ಬಂದದ್ದರಲ್ಲಿ ಚರಂಡಿ ಇರುತ್ತದೆ, ಪಾಯಿಖಾನೆ ಗುಂಡಿ ಇರುತ್ತದೆ, ದನದ ಕೊಟ್ಟಿಗೆ ತೊಳೆದದ್ದು ಇರುತ್ತದೆ, ಇಲಿ ಬಿಲ ಇರುತ್ತದೆ. ಜ್ವರ ಅವರಿಗೂ ಬಂದಿರುತ್ತದೆ. ಮಳೆಗಾಲದ ಜ್ವರ ಅಂತ ಲೆಕ್ಕಕ್ಕೇ ಬಂದಿರುವುದಿಲ್ಲ, ಅಷ್ಟೆ.

ಇಲಿ ಜ್ವರದ ರೋಗಾಣು ಇಲಿ, ದನ, ನಾಯಿಗಳ ಉಚ್ಚೆಯಿಂದ ನೀರು, ಕೆಸರಿಗೆ ಸೇರುತ್ತದೆ. ಕಾಲಿನ ಸಣ್ಣ ಗೀರು ಸಾಕು, ಒಳಗೆ ಹೋಗುತ್ತದೆ. ಗಂಟೆಗಟ್ಟಲೆ ನೀರಲ್ಲಿ ನೆನೆದು ಮೆತ್ತಗಾದ ಚರ್ಮದಿಂದಲೂ, ಕಣ್ಣು ಬಾಯಿಯಿಂದಲೂ ಹೋಗುತ್ತದೆ. ಜ್ವರ ಮಾತ್ರ ತಕ್ಷಣ ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನ, ಕೆಲವರಿಗೆ ತಿಂಗಳವರೆಗೂ ಹಿಡಿಯಬಹುದು. ಅಷ್ಟರಲ್ಲಿ ಹುಡುಗ ಊರಿಗೆ ಹೋಗಿರುತ್ತಾನೆ, ಇಲ್ಲ ಪರೀಕ್ಷೆಗೆ ಓದುತ್ತಿರುತ್ತಾನೆ. ಕೆಸರನ್ನು ಮರೆತೇ ಬಿಟ್ಟಿರುತ್ತಾನೆ. ಡಾಕ್ಟರಿಗೂ ಅವನು ಹೇಳುವುದಿಲ್ಲ. ಡೆಂಗಿ ಓಡಾಡುವ ಕಾಲ, ಅವರು ಅದನ್ನೇ ಮೊದಲು ಯೋಚಿಸುತ್ತಾರೆ.

ಹಾಗಾಗಿ ಬಸ್ಸು ಕಾಲೇಜಿಗೆ ವಾಪಸ್ ಬಂದ ಸಂಜೆಗೆ ನಿಮ್ಮ ಶಿಬಿರ ಮುಗಿಯುವುದಿಲ್ಲ. ಇನ್ನೊಂದು ತಿಂಗಳು ಇರುತ್ತದೆ. ಒಂದು ನೋಟ್‌ಬುಕ್ ಇಡಿ. ಯಾರು ಬಂದಿದ್ದರು, ಯಾವ ಬೀದಿಯಲ್ಲಿ ಕೆಲಸ ಮಾಡಿದರು, ಮನೆಯ ಫೋನ್ ನಂಬರು ಯಾವುದು, ಎಲ್ಲ ಬರೆದಿಡಿ. ಚುರುಕಾದ ಒಬ್ಬ ವಿದ್ಯಾರ್ಥಿಗೆ ವಾರಕ್ಕೊಮ್ಮೆ ಎಲ್ಲರಿಗೂ ಫೋನ್ ಮಾಡುವ ಕೆಲಸ ಒಪ್ಪಿಸಿ. ಜ್ವರ ಬಂದರೆ ಡಾಕ್ಟರ ಮುಂದೆ ಮೊದಲು ಹೇಳಬೇಕಾದ್ದು "ನಾನು ನೆರೆ ನೀರಲ್ಲಿ ಕೆಲಸ ಮಾಡಿದ್ದೆ" ಎಂಬುದು. ಇದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿ. ಬೇಗ ಗೊತ್ತಾದರೆ ಇದು ಸಾಮಾನ್ಯ ಆ್ಯಂಟಿಬಯಾಟಿಕ್‌ಗೇ ಬಗ್ಗುವ ಕಾಯಿಲೆ. ತಡವಾದರೆ ಕಿಡ್ನಿ, ಲಿವರ್‌ಗೆ ಹೊಡೆತ. ಜ್ವರದ ಜೊತೆ ಮೀನಖಂಡ ಹಿಡಿದುಕೊಂಡು ನೋವು, ಕೆಂಪು ಕಣ್ಣು ಇದ್ದರೆ ಅನುಮಾನ ಪಡಿ. ಉಚ್ಚೆ ಕಡಿಮೆಯಾಗಿ ಕಣ್ಣು ಹಳದಿಯಾದರಂತೂ ಮೆಡಿಕಲ್ ಶಾಪಿನ ಬಾಗಿಲಿಗೆ ಹೋಗಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಈಗ ಮಾತ್ರೆ. ಡಾಕ್ಸಿಸೈಕ್ಲಿನ್ ಅಂತ. 2018ರ ನೆರೆಯ ನಂತರ ಕೇರಳದಲ್ಲಿ ರಕ್ಷಣೆ ಮತ್ತು ಶುಚಿ ಕೆಲಸಕ್ಕೆ ಇಳಿದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಕೊಟ್ಟರು. ಪ್ರಯೋಜನವಿದೆ. ಆದರೆ ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ, ಅಲರ್ಜಿ ಇರುವವರಿಗೆ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ನುಂಗಿದ ತಕ್ಷಣ ಮಲಗಿದರೆ ಅನ್ನನಾಳ ಉರಿಯುತ್ತದೆ. ಯಾರಿಗೆ ಬೇಕು, ಎಷ್ಟು ವಾರ ಅನ್ನುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಹೇಳಲಿ, ನೀವು ಡಬ್ಬಿ ಹಿಡಿದು ಹಂಚಬೇಡಿ. ಮಾತ್ರೆ ನುಂಗಿದೆ ಅಂತ ಬರಿಗಾಲಲ್ಲಿ ಇಳಿಯುವವರೂ ಇದ್ದಾರೆ. ತುಕ್ಕು ಹಿಡಿದ ಮೊಳೆಗೆ ಈ ಮಾತ್ರೆಯ ಹಂಗಿಲ್ಲ.

ಅದಕ್ಕೆ ಬೇಕಾದದ್ದು ಗಂಬೂಟು. ನನಗೆ ಸಿಟ್ಟು ಬರುವ ವಿಷಯ ಇದು. ಎಷ್ಟೋ ತಂಡಗಳು ಬ್ಯಾನರ್, ಟೀ ಶರ್ಟ್ ಮೊದಲು ಮಾಡಿಸುತ್ತವೆ. ಆಮೇಲೆ ಹುಡುಗರು ಹವಾಯಿ ಚಪ್ಪಲಿಯಲ್ಲಿ ಕೆಸರಿಗೆ ಇಳಿಯುತ್ತಾರೆ. ಎಷ್ಟು ಜೊತೆ ಬೂಟು ಸಿಕ್ಕಿತೋ ಅಷ್ಟೇ ಜನ ಒಳಗೆ ಹೋಗಲಿ. ಉಳಿದವರು ಹೊರಗೆ ಪಾತ್ರೆ ತೊಳೆಯಲಿ, ಸಾಮಾನು ಬೇರ್ಪಡಿಸಲಿ, ಕುಡಿಯುವ ನೀರು ಹೊರಲಿ. ಕಾಲಲ್ಲಿ ಗಾಯ ಇದ್ದವರು, ಸಕ್ಕರೆ ಕಾಯಿಲೆಯವರು, 18 ತುಂಬದವರು ಹೊರಗಿನ ಕೆಲಸಕ್ಕೇ ಇರಲಿ. ಕೈಗೆ ದಪ್ಪ ರಬ್ಬರ್ ಗ್ಲೌಸ್ ಬೇಕು, ಆಸ್ಪತ್ರೆಯ ತೆಳು ಗ್ಲೌಸ್ ಹೆಂಚಿನ ಚೂರಿಗೆ ಹರಿದುಹೋಗುತ್ತದೆ. ಧನುರ್ವಾಯು ಲಸಿಕೆಯನ್ನು ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಹಾಕುತ್ತಾರೆ. ನಿಮ್ಮ ಹುಡುಗರು ಹಾಕಿಸಿಕೊಂಡಿದ್ದಾರಾ ಅಂತ ಹೊರಡುವ ಮುಂಚೆಯೇ ಕೇಳಿ.

ಬ್ಲೀಚಿಂಗ್ ಪೌಡರನ್ನು ಕೆಸರಿನ ಮೇಲೆ ರಂಗೋಲಿ ಹಾಗೆ ಉದುರಿಸುವುದನ್ನು ಎಲ್ಲ ಕಡೆ ನೋಡುತ್ತೇವೆ. ದಂಡ. ಕೆಸರೇ ಅದರ ಕ್ಲೋರಿನ್ ತಿಂದುಹಾಕುತ್ತದೆ. ಮೊದಲು ರಾಡಿ ಎತ್ತಿ, ಸೋಪಿನ ನೀರಲ್ಲಿ ನೆಲ ಉಜ್ಜಿ ತೊಳೆಯಬೇಕು. ಆಮೇಲೆ ಲೀಟರ್ ನೀರಿಗೆ 30 ಗ್ರಾಂ ಪೌಡರ್ ಕಲಸಿ ಒರೆಸಬೇಕು. ಆಯಾ ದಿನದ್ದು ಆಯಾ ದಿನ ಕಲಸಿ, ಕಿಟಕಿ ತೆಗೆದಿಡಿ. ಇದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಿದರೆ ವಿಷದ ಗಾಳಿ ಏಳುತ್ತದೆ. ಜಾಸ್ತಿ ಚೊಕ್ಕ ಆಗಲಿ ಅಂತ ಯಾರೋ ಒಬ್ಬರು ಸೇರಿಸಿಯೇ ಬಿಡುತ್ತಾರೆ, ಕಣ್ಣಿಟ್ಟಿರಿ.

ಊಟದ ಹೊತ್ತಿನ ಮಾತೊಂದಿದೆ. ನಮ್ಮೂರಲ್ಲಿ ಯಾರಾದರೂ ಪುಣ್ಯಾತ್ಮರು ಮಂಡಕ್ಕಿ, ಮಿರ್ಚಿ ತಂದೇ ತರುತ್ತಾರೆ. ಕೆಲಸದ ನಡುವೆ ಅದೇ ಕೈಯನ್ನು ಪ್ಯಾಂಟಿಗೆ ಒರೆಸಿ ಮುಕ್ಕುತ್ತೇವೆ. ವಾಂತಿ ಭೇದಿ ಶುರುವಾಗುವುದು ಅಲ್ಲಿಂದ. ಕೆಸರು ಕೈಗೆ ಸ್ಯಾನಿಟೈಸರ್ ಕೆಲಸಕ್ಕೆ ಬರುವುದಿಲ್ಲ. ಸೋಪು, ಒಂದು ಕೊಡ ಒಳ್ಳೆಯ ನೀರು ತಿಂಡಿಗಿಂತ ಮುಂಚೆ ಅಲ್ಲಿಗೆ ಬರಬೇಕು.

ಮನೆಯ ಕರೆಂಟು ಬೆಸ್ಕಾಂನವರು ಕಡಿತ ಮಾಡಿದ್ದಾರೆಂದು ಖಾತ್ರಿಯಾಗುವವರೆಗೆ ಯಾರೂ ಒಳಗೆ ಕಾಲಿಡಬಾರದು. 1912ಕ್ಕೆ ಫೋನ್ ಮಾಡಿ. ಇನ್ವರ್ಟರ್ ಇದೆಯಾ ಅಂತಲೂ ವಿಚಾರಿಸಿ. ಸಂಪು, ಶೌಚಗುಂಡಿಗೆ ಯಾರು ಎಷ್ಟೇ ಕೇಳಿಕೊಂಡರೂ ಹುಡುಗರನ್ನು ಇಳಿಸಬೇಡಿ. ಒಳಗಿನ ಗಾಳಿಗೆ ಒಬ್ಬ ಬೀಳುತ್ತಾನೆ, ಎತ್ತಲು ಹೋದ ಇನ್ನೊಬ್ಬನೂ ಬೀಳುತ್ತಾನೆ. ಒದ್ದೆ ಬಟ್ಟೆ ರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ. ನೀರು ಓಡಿಸಿದ ಹಾವಿಗೂ ಒಣಗಿದ ಜಾಗ ಬೇಕು. ಅಕಸ್ಮಾತ್ ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಮಾಡದೆ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ.

ಪೋಷಕರನ್ನು ಒಮ್ಮೆ ಕಾಲೇಜಿಗೆ ಕರೆಯಿರಿ. ಸೇವೆಯ ಭಾಷಣ ಬೇಡ, ಅವರೂ ಅದನ್ನು ಸಾಕಷ್ಟು ಕೇಳಿದ್ದಾರೆ. ಬೂಟು ತೋರಿಸಿ, ನೋಟ್‌ಬುಕ್ ತೋರಿಸಿ, ಡಾಕ್ಟರ ಹೆಸರು ಹೇಳಿ. ಆಮೇಲೂ ಬೇಡ ಅಂದರೆ ಅವರ ಮಾತಿಗೆ ಬೆಲೆ ಕೊಡಿ.

ಕೊನೆಗೆ ನನ್ನದೊಂದು ಪ್ರಶ್ನೆ. ಜ್ವರ ಬಂದ ಹುಡುಗನ ಜೊತೆ ಅದೇ ಬೀದಿಯಲ್ಲಿದ್ದ ಉಳಿದವರಿಗೆ ಫೋನ್ ಮಾಡಿದಿರಾ? ಪತ್ರದಲ್ಲಿ ಬರೆದಿಲ್ಲ. ತಿಂಗಳು ತುಂಬಿಲ್ಲವಾದರೆ ಇವತ್ತೇ ಮಾಡಿ.