ಮ್ಯೂಸಿಯಂ ನೋಡಿಬಂದ ಗೆಳೆಯರು ಸೇರಿ ವಿಮಾನದ ಸ್ಕೇಲ್ ಮಾಡೆಲ್ ಕಟ್ಟುವುದಾದರೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಕೊಪ್ಪಳದ ಎಂಟು ಜನ ಗೆಳೆಯರು ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ನೋಡಿಬಂದಿದ್ದೀರಿ, ಅಲ್ಲಿನ ಯುದ್ಧವಿಮಾನಗಳನ್ನು ಎಲ್ಲರೂ ಕೂಡಿ ಮಾಡೆಲ್ ಆಗಿ ಕಟ್ಟಬೇಕೆಂದಿದ್ದೀರಿ. ಇಬ್ಬರಿಗೆ ಮಾತ್ರ ಕಿಟ್ (ಜೋಡಿಸಲು ಸಿಗುವ ಬಿಡಿಭಾಗಗಳ ಡಬ್ಬಿ) ಜೋಡಿಸಿ ಗೊತ್ತು. ಯಾವ ವಿಮಾನ, ಯಾವ ಸ್ಕೇಲು, ಯಾರಿಗೆ ಯಾವ ಕೆಲಸ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯವನು, ಈ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನಮ್ಮ ಭಾಗದಲ್ಲಿ ಯಾರಾದರೂ ಇದಕ್ಕೆ ಕೈಹಾಕುತ್ತಾರೆ ಎಂದರೆ ಸಹಾಯ ಮಾಡದೆ ಇರಲಾರೆ.

ಸ್ಕೇಲು, ಬಣ್ಣ, ಖರ್ಚಿಗಿಂತ ಮೊದಲು ಎಂಟೂ ಜನ ಕೂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನೀವು ಕಟ್ಟುವುದು ಹಾರಾಡುತ್ತಿದ್ದ ಕಾಲದ ವಿಮಾನವೋ, ಮ್ಯೂಸಿಯಂ ಅಂಗಳದಲ್ಲಿ ಈಗ ನಿಂತಿರುವ ವಿಮಾನವೋ? ಎರಡೂ ಒಂದೇ ಅಲ್ಲ. ಅಂಗಳದ ವಿಮಾನ ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತದೆ, ಮೇಲೆ ಮತ್ತೆ ಮತ್ತೆ ಪೇಂಟ್ ಬಳಿದಿರುತ್ತಾರೆ, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಮುಚ್ಚಳ ಹಾಕಿರುತ್ತಾರೆ, ಕ್ಯಾನೊಪಿ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಮಬ್ಬಾಗಿರುತ್ತದೆ. ಅದರ ಫೋಟೋ ನೋಡಿಕೊಂಡು 1971ರ ಯುದ್ಧದ ಮಾರುತ್ ಯುದ್ಧವಿಮಾನ ಕಟ್ಟಲು ಹೊರಟರೆ ಬಣ್ಣವೂ ತಪ್ಪುತ್ತದೆ, ಗುರುತುಗಳೂ ತಪ್ಪುತ್ತವೆ. ಗುಂಪಿನಲ್ಲಿ ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಮಾಡಿದರಂತೂ ಮೇಜಿನ ಮೇಲೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ನನ್ನ ಸಲಹೆ, ಮೊದಲ ಸಲ ಮ್ಯೂಸಿಯಂ ಅನ್ನೇ ಕಟ್ಟಿ. ನಿಂತಿರುವ ಹಾಗೆಯೇ ಕಟ್ಟಿ: ಮಾಸಿದ ಬಣ್ಣ, ಸುತ್ತ ಕಂಬಿ ಬೇಲಿ, ಹುಲ್ಲು, ಮಾಹಿತಿ ಫಲಕ, ನೋಡಲು ಬಂದ ಮಕ್ಕಳು. ಯಾವ ಸ್ಕ್ವಾಡ್ರನ್, ಯಾವ ವರ್ಷ, ಯಾವ ಬಾಂಬು ಎಂದು ತಿಂಗಳುಗಟ್ಟಲೆ ಹುಡುಕಬೇಕಿಲ್ಲ, ಪುರಾವೆ ನಿಮ್ಮ ಕಣ್ಣೆದುರಿಗೇ ಇದೆ. ಹೊಸಬರ ಕೈಯ ಬಣ್ಣ ಸ್ವಲ್ಪ ಏರುಪೇರಾದರೂ ಬಿಸಿಲು ತಿಂದ ವಿಮಾನಕ್ಕೆ ಅದು ಒಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ನೆಲದ ಮೇಲೆ ನಿಂತ ವಿಮಾನಗಳು ಒಂದು ಗುಂಪಿನ ಕೆಲಸವಾಗಿ ಕಾಣುತ್ತವೆ.

ಎಂಟು ಜನಕ್ಕೆ ಎಂಟು ವಿಮಾನ ಬೇಡ. ನಾಲ್ಕು ಸಾಕು: ಎಚ್‌ಟಿ-2, ಮಾರುತ್, ಮಿಗ್-21, ಅಜೀತ್. ಇವನ್ನೇ ಹೇಳಲು ಕಾರಣವಿದೆ. ಎಚ್‌ಟಿ-2 ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್‌ಎಎಲ್ ತಾನೇ ವಿನ್ಯಾಸ ಮಾಡಿದ ತರಬೇತಿ ವಿಮಾನ, 1951ರಲ್ಲಿ ಹಾರಿತು. ಹತ್ತೇ ವರ್ಷಕ್ಕೆ, 1961ರ ಜೂನ್ 17ರಂದು, ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಜೊತೆಗೂಡಿ ಮಾಡಿದ ಮಾರುತ್ ಹಾರಿತು. ಮಿಗ್-21 ಅನ್ನು ಪರವಾನಗಿ ಪಡೆದು ನಾಸಿಕ್‌ನಲ್ಲಿ ಕಟ್ಟಿದರು. ವಾಯುಪಡೆಗೆ 1963ರಲ್ಲಿ ಸೇರಿದ ಈ ವಿಮಾನಕ್ಕೆ ಚಂಡೀಗಢದಲ್ಲಿ ವಿದಾಯ ಹೇಳಿದ್ದು 2025ರ ಸೆಪ್ಟೆಂಬರ್ 26ರಂದು. ಬ್ರಿಟಿಷರ ನ್ಯಾಟ್ ಯುದ್ಧವಿಮಾನವನ್ನು ತಿದ್ದಿ ತೀಡಿ ಮಾಡಿದ್ದು ಅಜೀತ್. ಸ್ವಂತ ವಿನ್ಯಾಸ, ಹೊರಗಿನವರ ಜೊತೆಗೂಡಿದ ವಿನ್ಯಾಸ, ಪರವಾನಗಿ, ಸುಧಾರಣೆ, ನಾಲ್ಕೂ ಬಗೆ ಸಿಕ್ಕಿತು. ಕಿರಣ್ ಎಂಬ ತರಬೇತಿ ವಿಮಾನವನ್ನು ಬಿಡುವುದಕ್ಕೆ ನನಗೂ ಮನಸ್ಸಿಲ್ಲ. ಬೀದರ್‌ನ ಸೂರ್ಯಕಿರಣ್ ವೈಮಾನಿಕ ಕಸರತ್ತಿನ ತಂಡ ಹಾರಿಸುತ್ತಿದ್ದ ವಿಮಾನ ಅದು. ಆದರೂ ಮೊದಲ ಸಲಕ್ಕೆ ನಾಲ್ಕನ್ನು ಪೂರ್ತಿ ಮಾಡುವುದು ಲೇಸು.

ಸ್ಕೇಲು 1/72. ಲೆಕ್ಕ ಸುಲಭ, ನಿಜವಾದ ಅಳತೆಯನ್ನು 72ರಿಂದ ಭಾಗಿಸಿ. ಮಾರುತ್ ಉದ್ದ 15.87 ಮೀಟರ್, ಅಂದರೆ ಮಾಡೆಲ್ 22 ಸೆಂಟಿಮೀಟರ್, ರೆಕ್ಕೆಯ ಹರವು ಹನ್ನೆರಡೂವರೆ. ಎಚ್‌ಟಿ-2ರ ಹರವು ಸುಮಾರು 15, ಮಿಗ್ ಸುಮಾರು 10, ಅಜೀತ್ ಒಂಬತ್ತಕ್ಕೆ ಸ್ವಲ್ಪ ಮೇಲೆ. ನಾಲ್ಕೂ ಎರಡಡಿ ಅಗಲ ಮೂರಡಿ ಉದ್ದದ ಪ್ಲೈವುಡ್ ಮೇಲೆ ಆರಾಮಾಗಿ ನಿಲ್ಲುತ್ತವೆ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ಯಬಹುದು. 1/48 ನೋಡಲು ಚೆಂದ ನಿಜ, ಆದರೆ ಜಾಗ ಎರಡು ಪಟ್ಟಿಗೂ ಮೀರಿ ಬೇಕಾಗುತ್ತದೆ, ಖರ್ಚೂ ಹಾಗೆಯೇ. ಮುಂದೆ ಯಾರಾದರೂ ಬಾಂಬರ್ ವಿಮಾನ ಕ್ಯಾನ್‌ಬೆರಾ ಸೇರಿಸೋಣ ಎಂದರೆ 1/72ರಲ್ಲೇ ಅದರ ಹರವು 27 ಸೆಂಟಿಮೀಟರ್ ಆಗುತ್ತದೆ.

ಕಿಟ್ ಕೊಳ್ಳುವಾಗ ಹುಷಾರು. ನ್ಯಾಟ್ ಎಂದು ಹುಡುಕಿದರೆ ಮೊದಲು ಕಾಣುವುದು ಏರ್‌ಫಿಕ್ಸ್‌ನ ಕಿಟ್. ಅದು ಎರಡು ಸೀಟಿನ ಬ್ರಿಟಿಷ್ ತರಬೇತಿ ವಿಮಾನ, ರೆಕ್ಕೆಯೂ ಬೇರೆ. ನಮ್ಮ ಅಜೀತ್ ಒಂದು ಸೀಟಿನದು. ಸ್ಪೆಷಲ್ ಹಾಬಿ ಕಂಪನಿ ಒಂದು ಸೀಟಿನದನ್ನು 1/72ರಲ್ಲಿ ತಂದಿದೆ, ಅದನ್ನೇ ತರಿಸಿ. ಮಿಗ್-21ಕ್ಕೆ ಕಿಟ್ ಬೇಕಾದಷ್ಟಿವೆ, ಮಾದರಿಗಳೂ ಅಷ್ಟೇ ಇವೆ. ನೀವು ತೆಗೆದ ಫೋಟೋದಲ್ಲಿ ಕಾಕ್‌ಪಿಟ್ ಹಿಂದಿನ ಬೆನ್ನನ್ನು ನೋಡಿ. ಎಫ್‌ಎಲ್ ಮಾದರಿಯಲ್ಲಿ ಅದು ತೆಳು, ಬಿಸ್ ಮಾದರಿಯಲ್ಲಿ ದಪ್ಪ. ಅದನ್ನು ಖಚಿತ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ.

ಮಾರುತ್ ಮತ್ತು ಎಚ್‌ಟಿ-2 ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಕಿಟ್‌ಗಳಲ್ಲ. ಇವೆರಡನ್ನು ನೀವೇ ಕೆತ್ತಬೇಕು, ಈ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. ಕಿನ್ನಾಳ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಅಲ್ಲಿನ ಚಿತ್ರಗಾರರು ಗೊಂಬೆ ಮಾಡುವುದು ಹಗುರ ಮರದಲ್ಲಿ. 22 ಸೆಂಟಿಮೀಟರ್‌ಗೆ ಸರಿಯಾಗಿ ಪ್ರಿಂಟ್ ಮಾಡಿದ ಮಾರುತ್‌ನ ಮೇಲಿನ ನೋಟ, ಪಕ್ಕದ ನೋಟ ಎರಡನ್ನೂ ತೆಗೆದುಕೊಂಡು ಹೋಗಿ ಅವರನ್ನು ಕಂಡು ಮಾತಾಡಿ. ಮರದ ತುಂಡು ಕೇಳಿ, ಉಳಿ ಹಿಡಿಯುವುದನ್ನು ಕಲಿಸಿಕೊಡಿ ಎಂದು ಕೇಳಿ, ಅವರ ಸಮಯಕ್ಕೆ ತಕ್ಕ ಹಣ ಕೊಡಿ. ಮಾರುತ್ ಅನ್ನು ಮರದಲ್ಲಿ ಮಾಡುವುದು ಕೀಳು ಕೆಲಸವೇನಲ್ಲ. ನಿಜವಾದ ಮಾರುತ್‌ನ ಆಕಾರ ಮೊದಲು ಹಾರಿದ್ದೇ ಮರದಲ್ಲಿ: 1959ರಲ್ಲಿ ಎಕ್ಸ್-241 ಎಂಬ ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದು ಪರೀಕ್ಷಿಸಿದರು.

ಕೆತ್ತುವಾಗ ಎರಡು ಕಡೆ ಕಣ್ಣಿಡಿ. ರೆಕ್ಕೆ ಸೇರುವ ಜಾಗದಲ್ಲಿ ಮಾರುತ್‌ನ ಒಡಲು ಸೊಂಟದ ಹಾಗೆ ಒಳಕ್ಕೆ ಹೋಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ತಗ್ಗಿಸಲು ಮಾಡಿದ ಆಕಾರ ಅದು. ಅದನ್ನು ನೇರ ಮಾಡಿಬಿಟ್ಟರೆ ಮಾರುತ್ ಅಂತ ಯಾರಿಗೂ ಅನ್ನಿಸುವುದಿಲ್ಲ. ಇನ್ನೊಂದು ಬಾಲ. ಒಳಗಿರುವುದು ಎರಡು ಆರ್ಫಿಯಸ್ ಎಂಜಿನ್, ಹೆಚ್ಚಿನ ನೂಕುಬಲಕ್ಕೆ ಹಿಂದೆ ಇಂಧನ ಉರಿಸುವ ಆಫ್ಟರ್‌ಬರ್ನರ್ ಇಲ್ಲ, ಆದ್ದರಿಂದ ಹಿಂದೆ ಅಕ್ಕಪಕ್ಕದಲ್ಲಿ ಎರಡು ಸಣ್ಣ ಕೊಳವೆ ಮಾತ್ರ. ಮರದ ಮೇಲೆ ಗಾಡಿ ಪೇಂಟ್‌ನವರು ಬಳಸುವ ಎನ್‌ಸಿ ಪುಟ್ಟಿಯನ್ನು ತೆಳ್ಳಗೆ ಎಳೆದು, ಒಣಗಿಸಿ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿ, ಮತ್ತೆ ಎಳೆಯಿರಿ. ಅದೇ ಪುಟ್ಟಿಯನ್ನು ಪ್ಲಾಸ್ಟಿಕ್ ಕಿಟ್ ಮೇಲೆ ದಪ್ಪಕ್ಕೆ ಹಚ್ಚಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಕ್ಯಾನೊಪಿಗೆ ನೀರಿನ ಬಾಟಲಿ ಸಾಕು. ಕ್ಯಾನೊಪಿಯ ಅಚ್ಚನ್ನು ಮರದಲ್ಲಿ ಕೆತ್ತಿ, ನುಣ್ಣಗೆ ಮಾಡಿ, ತೆಳು ಬಾಟಲಿಯ ಒಳಗಿಟ್ಟು ಹೊರಗಿನಿಂದ ಹೀಟ್ ಗನ್ ಬಿಸಿ ಕೊಟ್ಟರೆ ಬಾಟಲಿ ಕುಗ್ಗಿ ಅಚ್ಚಿಗೆ ಅಪ್ಪಿಕೊಳ್ಳುತ್ತದೆ. ತಣ್ಣಗಾದ ಮೇಲೆ ಕತ್ತರಿಸಿ ತೆಗೆಯಿರಿ. ಅಂಟಿಸುವುದು ಫೆವಿಕಾಲ್‌ನಿಂದ. ಸೂಪರ್ ಗ್ಲೂ ಹಚ್ಚಿದರೆ ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ.

ಈಗ ಜನ ಹಂಚಿಕೆ. ಅನುಭವ ಇರುವ ಇಬ್ಬರನ್ನು ಒಟ್ಟಿಗೆ ಕೂರಿಸಬೇಡಿ. ಒಬ್ಬರು ಮಾರುತ್‌ಗೆ, ಒಬ್ಬರು ಎಚ್‌ಟಿ-2ಕ್ಕೆ, ಇಬ್ಬರ ಜೊತೆಗೂ ಒಬ್ಬೊಬ್ಬ ಹೊಸಬ. ಮಿಗ್ ಒಬ್ಬರಿಗೆ, ಅಜೀತ್ ಒಬ್ಬರಿಗೆ. ಉಳಿದ ಇಬ್ಬರಿಗೆ ನೆಲ, ಬೇಲಿ, ಫಲಕ ಮತ್ತು ಗುರುತುಗಳು. ಈ ಇಬ್ಬರ ಕೆಲಸ ಕಡಿಮೆ ಎಂದು ತಿಳಿಯಬೇಡಿ, ನಾಲ್ಕು ವಿಮಾನಗಳನ್ನು ಒಂದು ಮಾಡುವವರು ಅವರೇ. ಮನೆಗೊಯ್ದು ಒಬ್ಬೊಬ್ಬರೇ ಮಾಡುವುದಕ್ಕಿಂತ ಭಾನುವಾರ ಒಂದೇ ಮನೆಯಲ್ಲಿ ಕೂತು, ಒಡಲಿನ ಕೆಲಸವನ್ನು ಎಲ್ಲರೂ ಒಂದೇ ದಿನ, ಪ್ರೈಮರ್ ಎಲ್ಲರೂ ಒಂದೇ ದಿನ ಮಾಡಿದರೆ ಹೊಸಬರು ನೋಡಿ ಕಲಿಯುತ್ತಾರೆ, ಅರ್ಧಕ್ಕೆ ಬಿಡುವವರೂ ಕಡಿಮೆ. ಹಣಕ್ಕೆ ಗಣಪತಿ ಹಬ್ಬದ ಹಾಗೆ ಮೊದಲೇ ಪಟ್ಟಿ ಹಾಕಿ, ಒಬ್ಬರ ಕೈಯಲ್ಲಿ ಲೆಕ್ಕವಿರಲಿ.

ವಾಯುಪಡೆಯ ವೃತ್ತಾಕಾರದ ಗುರುತು ಎಲ್ಲ ವಿಮಾನಕ್ಕೂ ಒಂದೇ ಕೈಯಿಂದ, ಒಂದೇ ಬಾಟಲಿಯ ಕೇಸರಿ ಮತ್ತು ಹಸಿರಿನಿಂದ ಬರಲಿ. ಸಾಮಾನ್ಯ ಪ್ರಿಂಟರ್‌ನಲ್ಲಿ ಬಿಳಿ ಬಣ್ಣ ಅಚ್ಚಾಗುವುದಿಲ್ಲ, ಹಾಗಾಗಿ ಮನೆಯಲ್ಲಿ ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಅಚ್ಚು ಚಿತ್ರ) ಮಾಡಲು ಹೋಗಬೇಡಿ. ಬೈಕಿಗೆ ಸ್ಟಿಕ್ಕರ್ ಕತ್ತರಿಸುವ ಅಂಗಡಿಯಲ್ಲಿ ಅಳತೆ ಕೊಟ್ಟು ಉಂಗುರಗಳನ್ನು ಕತ್ತರಿಸಿ ತನ್ನಿ. ಮೊದಲು ಬಿಳಿ ವೃತ್ತ ಹೊಡೆಯಿರಿ, ಒಣಗಿದ ಮೇಲೆ ನಡುವಿನ ಉಂಗುರವನ್ನು ಸ್ಟಿಕ್ಕರ್‌ನಿಂದ ಮುಚ್ಚಿ, ಹೊರಗೆ ಕೇಸರಿ, ಒಳಗೆ ಹಸಿರು. ಸ್ಟಿಕ್ಕರ್‌ನ ಅಂಟು ಜೋರಾಗಿರುತ್ತದೆ, ಪೇಂಟ್ ಕಿತ್ತುಕೊಂಡು ಬರುತ್ತದೆ. ಜೀನ್ಸ್ ಬಟ್ಟೆಗೆ ಒಂದೆರಡು ಸಲ ಒತ್ತಿ ತೆಗೆದರೆ ತಗ್ಗುತ್ತದೆ. ಬಳ್ಳಾರಿ ಜೀನ್ಸ್ ಊರು, ನಾವು ಅದಕ್ಕೆಂದೇ ಒಂದು ತುಂಡು ಇಟ್ಟುಕೊಂಡಿರುತ್ತೇವೆ.

ಕಾಲದ ಬಗ್ಗೆ. ಅಕ್ಟೋಬರ್ 8 ವಾಯುಪಡೆ ದಿನ, ಪ್ರದರ್ಶನ ಅಂದೇ ಇಡೋಣ ಎಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಮಾಡಿದರೆ ಕೆಲಸವೆಲ್ಲ ಏಪ್ರಿಲ್, ಮೇ ಬಿಸಿಲಿಗೆ, ಆಮೇಲೆ ಆಷಾಢದ ಗಾಳಿಗೆ ಸಿಗುತ್ತದೆ. ನಲವತ್ತು ಡಿಗ್ರಿಯಲ್ಲಿ ಅಕ್ರಿಲಿಕ್ ಬಣ್ಣ ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ನಾನಾದರೆ ಅಕ್ಟೋಬರ್ 8ಕ್ಕೆ ಶುರು ಮಾಡಿ, ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಯಾವುದಾದರೂ ಶಾಲೆಯಲ್ಲಿ ಇಡುತ್ತೇನೆ. ಇಪ್ಪತ್ತು ವಾರ ಸಿಗುತ್ತದೆ, ಬಣ್ಣದ ಕೆಲಸ ಚಳಿಗಾಲಕ್ಕೆ ಬೀಳುತ್ತದೆ. ಆಗಲೂ ದೂಳು ಬಿಡುವುದಿಲ್ಲ. ನಮಗೆ ಅದಿರಿನ ಕೆಂಪು ದೂಳು, ನಿಮಗೆ ಗಿಣಿಗೇರಾ ಕಡೆಯ ಕಪ್ಪು ದೂಳು. ಬೆಳಿಗ್ಗೆ ಗಾಳಿ ಏಳುವ ಮೊದಲು, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ ಸ್ಪ್ರೇ ಮಾಡಿ, ಮುಗಿದ ಕೂಡಲೇ ಮಾಡೆಲ್ ಮೇಲೆ ರಟ್ಟಿನ ಡಬ್ಬಿ ಮುಚ್ಚಿ. ಬಾಯಿಗೆ ಮಾಸ್ಕ್ ಇರಲಿ.

ಶುರು ಮಾಡುವ ಮೊದಲು ಇನ್ನೊಂದು ಸಲ ಬೆಂಗಳೂರಿಗೆ ಹೋಗಿಬನ್ನಿ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದಲ್ಲೇ ನಿಲ್ಲುತ್ತದೆ, ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆಯೂ ಒಂದು ಮಾರುತ್ ಇದೆ, ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು. ಈ ಸಲ ಸೆಲ್ಫಿ ಬೇಡ. ವಿಮಾನದ ಹತ್ತಿರ ನಿಂತು ಮೊಬೈಲ್‌ನಲ್ಲಿ ತೆಗೆದರೆ ಮೂಗು ಉಬ್ಬಿ ಕಾಣುತ್ತದೆ, ಆ ಫೋಟೋದಿಂದ ಅಳತೆ ತೆಗೆಯಲು ಬರುವುದಿಲ್ಲ. ಸಾಧ್ಯವಾದಷ್ಟು ದೂರ ಹೋಗಿ, ಜೂಮ್ ಮಾಡಿ, ಸರಿಯಾಗಿ ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ತೆಗೆಯಿರಿ. ಆಮೇಲೆ ಹತ್ತಿರ ಬಂದು ಚಕ್ರದ ಗೂಡು, ಕಾಲಿನ ಸರಳು, ರೆಕ್ಕೆಯ ಹಿಂದಂಚು, ಬಣ್ಣ ಎದ್ದ ಜಾಗಗಳು. ನೆಲವನ್ನೂ ಬಿಡಬೇಡಿ, ನಿಮ್ಮ ನೆಲದ ತಂಡಕ್ಕೆ ಅದೇ ಬೇಕು.

ಮಾಡೆಲ್‌ಗಳನ್ನು ಹಲಗೆಗೆ ಅಂಟಿಸದೆ, ಪ್ರತಿ ಚಕ್ರದ ಕೆಳಗೆ ಗುಂಡುಸೂಜಿ ತುಂಡು ಕೂರಿಸಿ ಹಲಗೆಯ ತೂತಿಗೆ ಇಳಿಸಿ. ಒಯ್ಯುವಾಗ ಬಿಚ್ಚಿ ಬೇರೆ ಡಬ್ಬಿಗೆ ಹಾಕಬಹುದು. ಬಿಸಿಲಿಗೆ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ತೆಳು ಭಾಗಗಳು ಸೊಟ್ಟಗಾಗುತ್ತವೆ. ಕೊಪ್ಪಳದಲ್ಲಿ ಪ್ರದರ್ಶನ ಇಟ್ಟ ದಿನ ತಿಳಿಸಿ, ಬಂದು ನೋಡುತ್ತೇನೆ. ಮಾರುತ್‌ನ ಮರದ ಒಡಲು ಕೆತ್ತಿದ ಮೇಲೆ ಪುಟ್ಟಿ ಹಚ್ಚುವ ಮೊದಲು ಅದರ ಫೋಟೋ ಹಾಕಿ. ಸೊಂಟದ ತಿರುವು ಸರಿ ಬಂದಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ, ಆ ಹಂತದಲ್ಲಿ ತಿದ್ದುವುದು ಸುಲಭ.