ಕಾರಿನ ಬ್ಯಾಟರಿ, ಕೀ ಒಳಗಿನ ಸೆಲ್ ಎರಡನ್ನೂ ಮನೆಯಲ್ಲೇ ಬದಲಿಸಬಹುದಾ?

ಬದಲಿಸಬಹುದು. ಆದರೆ ನಿಮ್ಮ ವಿಷಯದಲ್ಲಿ ಎರಡನ್ನೂ ಬದಲಿಸಬೇಕಾ ಅನ್ನುವುದೇ ನನಗೆ ಅನುಮಾನ. ಮನೆ ಸುರತ್ಕಲ್‌ನಲ್ಲಿ, ಮಗ ಮಸ್ಕತ್‌ಗೆ ವಾಪಸ್ ಹೋದ ಮೇಲೆ ಕಾರು ಪೋರ್ಟಿಕೋದಲ್ಲೇ ನಿಂತಿದೆ, ಈಗ ರಿಮೋಟ್ ಒತ್ತಿದರೆ ಬಾಗಿಲೇ ತೆರೆಯುವುದಿಲ್ಲ ಅಂತ ಬರೆದಿದ್ದೀರಿ. ಕೀಯೂ ಸತ್ತಿದೆ, ಬ್ಯಾಟರಿಯೂ ಸತ್ತಿದೆ, ಎರಡೂ ತಂದು ನಾವೇ ಹಾಕಬಹುದಾ ಅನ್ನುವುದು ಪ್ರಶ್ನೆ. ನಾನು ಮೆಕ್ಯಾನಿಕ್ ಅಲ್ಲ. ಉಡುಪಿಯಲ್ಲಿ ನಮ್ಮ ಮನೆಯದ್ದು, ಅಕ್ಕನ ಮನೆಯದ್ದು ಎರಡೂ ಕಾರಿನ ಬ್ಯಾಟರಿ ಕೆಲಸ ನಾನೇ ಮಾಡಿಕೊಳ್ಳುವುದು, ಅಷ್ಟೇ.

ಅಂಗಡಿಗೆ ಹೋಗುವ ಮೊದಲು ಯಾವುದು ಸತ್ತಿದೆ ಅಂತ ಪತ್ತೆ ಮಾಡಿ. ರಿಮೋಟ್ ಒತ್ತಿದಾಗ ಕೀಯಿಂದ ಸಿಗ್ನಲ್ ಹೊರಡಬೇಕು, ಅದನ್ನು ಹಿಡಿದು ಲಾಕಿನ ಮೋಟರ್ ತಿರುಗಿಸಲು ಕಾರಿನಲ್ಲೂ ಕರೆಂಟ್ ಇರಬೇಕು. ಕಾರಿನ ಬ್ಯಾಟರಿ ಪೂರ್ತಿ ಇಳಿದಿದ್ದರೆ ಹೊಸ ಸೆಲ್ ಹಾಕಿದ ಕೀ ಕೂಡ ಸತ್ತಂತೆಯೇ ಕಾಣುತ್ತದೆ. ಕೀ ಮೇಲೆ ಸಣ್ಣ ಕೆಂಪು ಲೈಟ್ ಇದ್ದರೆ ಒತ್ತಿ ನೋಡಿ. ಅದು ಸರಿಯಾಗಿ ಮಿನುಗಿ ಕಾರು ಮಾತ್ರ ಸುಮ್ಮನಿದ್ದರೆ ಹೆಚ್ಚಾಗಿ ತಪ್ಪು ಬಾನೆಟ್ ಕೆಳಗಿನದ್ದು.

ರಿಮೋಟ್ ಒಳಗೆ ಕಬ್ಬಿಣದ ಒಂದು ಕೀ ಅಡಗಿರುತ್ತದೆ, ಪಕ್ಕದ ಸಣ್ಣ ಕೊಂಡಿ ಸರಿಸಿದರೆ ಹೊರಗೆ ಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯಲ್ಲಿ ಅದಕ್ಕೆ ತೂತು ಉಂಟು, ಕೆಲವು ಕಾರುಗಳಲ್ಲಿ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ವರ್ಷಗಟ್ಟಲೆ ಬಳಸದ ತೂತು ನಮ್ಮ ಉಪ್ಪುಗಾಳಿಗೆ ಬಿಗಿಯಾಗಿರುತ್ತದೆ. ಬಲ ಹಾಕಿ ತಿರುಗಿಸಿದರೆ ಕೀ ತುಂಡಾದೀತು. ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪ ಹೊಡೆದು ಕಾಯಿರಿ. ಬಾಗಿಲು ತೆರೆದ ಮೇಲೆ ಒಳಗಿನ ಲೈಟ್ ನೋಡಿ. ಚೆನ್ನಾಗಿ ಉರಿದರೆ ಸತ್ತದ್ದು ಕೀ ಸೆಲ್. ಮಂಕಾಗಿದ್ದರೆ, ಅಥವಾ ಉರಿಯದೇ ಇದ್ದರೆ, ಸೆಲ್ಲಿಗೆ ದುಡ್ಡು ಕೊಡುವ ಮುಂಚೆ ದೊಡ್ಡ ಬ್ಯಾಟರಿ ನೋಡಿ. ಹೀಗೆ ತೆರೆದಾಗ ಕೆಲವು ಕಾರುಗಳ ಅಲಾರಂ ಕೂಗುತ್ತದೆ, ಗಾಬರಿಯಾಗಬೇಡಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕೀ ಸೆಲ್ ಪೂರ್ತಿ ಸತ್ತಿದ್ದರೂ ಕಾರು ಸ್ಟಾರ್ಟ್ ಆಗುತ್ತದೆ. ಕಳ್ಳತನ ತಡೆಯುವ ಇಮೊಬಿಲೈಸರ್ ಚಿಪ್ ಕೀ ಒಳಗೇ ಇದೆ, ಅದಕ್ಕೆ ಸೆಲ್ ಬೇಕಿಲ್ಲ, ಹತ್ತಿರ ಹಿಡಿದರೆ ಕಾರಿನ ಕಡೆಯಿಂದಲೇ ಶಕ್ತಿ ಪಡೆಯುತ್ತದೆ. ಪುಶ್ ಸ್ಟಾರ್ಟ್ ಕಾರಾದರೆ ಕೀಯನ್ನೇ ಬಟನ್‌ಗೆ ತಾಗಿಸಿ ಬ್ರೇಕ್ ತುಳಿದು ಒತ್ತಿ. ಕೆಲವು ಕಂಪನಿಯವರು ಬೇರೆ ಜಾಗ ಕೊಟ್ಟಿರುತ್ತಾರೆ, ಮ್ಯಾನ್ಯುವಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ.

ತಿಂಗಳುಗಟ್ಟಲೆ ನಿಂತ ಕಾರು ಅಂದಮೇಲೆ ನನ್ನ ಅಂದಾಜು ದೊಡ್ಡ ಬ್ಯಾಟರಿ ಇಳಿದಿದೆ ಅಂತ. ಇಳಿದದ್ದು ಬೇರೆ, ಸತ್ತದ್ದು ಬೇರೆ. ಒಂದು ಸಾದಾ ಮಲ್ಟಿಮೀಟರ್ ತನ್ನಿ, ಮನೆಯಲ್ಲಿ ಹೇಗೂ ಕೆಲಸಕ್ಕೆ ಬರುತ್ತದೆ. ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಖಾಲಿ. ಬ್ಯಾಟರಿಗೆ ವಯಸ್ಸಾಗಿಲ್ಲ, ಎರಡು ವರ್ಷದ ಒಳಗಿನದ್ದು ಅಂತಾದರೆ ಮೊದಲು ಚಾರ್ಜ್ ಮಾಡಿಸಿ. ಚಾರ್ಜ್ ಆಗಿ ಒಂದು ರಾತ್ರಿ ಇಟ್ಟ ಮೇಲೂ 12.5ರ ಸುತ್ತ ನಿಂತಿದೆ, ಸೆಲ್ಫ್ ಗಟ್ಟಿಯಾಗಿ ಹೊಡೆಯುತ್ತದೆ ಅಂತಾದರೆ ಹೊಸದು ಯಾಕೆ? ಆದರೆ ಖಾಲಿಯಾಗಿಯೇ ವಾರಗಟ್ಟಲೆ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿರುತ್ತದೆ. ಅಂಥದ್ದು ಚಾರ್ಜ್ ಹಿಡಿದ ಹಾಗೆ ಮಾಡಿ ಮರುದಿನ ಕೈಕೊಡುತ್ತದೆ. ನಾಲ್ಕು ವರ್ಷ ದಾಟಿದ ಬ್ಯಾಟರಿ ಹಾಗೆ ಮಾಡಿದರೆ ಮತ್ತೆ ಮತ್ತೆ ಚಾರ್ಜ್ ಮಾಡಿಸುತ್ತಾ ಕೂರಬೇಡಿ, ಹೊಸದೇ ತನ್ನಿ.

ತರುವಾಗ ಹಳೆಯದರ ಫೋಟೋ ತೆಗೆದುಕೊಂಡು ಹೋಗಿ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಇರುವ 38ಬಿ20ಎಲ್ ತುಂಬಾ ಸಾಮಾನ್ಯ. ಇದರಲ್ಲಿ ಬಿ ಅನ್ನುವುದು ಅಗಲ-ಎತ್ತರದ ಗುಂಪು, 20 ಅಂದರೆ ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್, ಕೊನೆಯ ಎಲ್ ಟರ್ಮಿನಲ್ ಯಾವ ಬದಿಗೆ ಅಂತ ಹೇಳುತ್ತದೆ. ಎಲ್ ಬದಲು ಆರ್ ತಂದರೆ ಬ್ಯಾಟರಿ ಟ್ರೇಯಲ್ಲಿ ಕೂತರೂ ಕೇಬಲ್ ಎಟುಕುವುದಿಲ್ಲ. ತಯಾರಾದ ತಿಂಗಳು ಯಾವುದು ಅಂತ ಕೇಳಿ, ಅಂಗಡಿಯಲ್ಲೇ ಬಹಳ ದಿನ ಕೂತದ್ದು ಬೇಡ. ವಾರಂಟಿ ಕಾರ್ಡಿಗೆ ಸೀಲು, ತಾರೀಕು ಹಾಕಿಸಿ. 24+24 ಅಂತ ಬರೆದಿದ್ದರೆ ಮೊದಲ 24 ತಿಂಗಳಿಗೆ ಪುಕ್ಕಟೆ ಬದಲಿ, ಆಮೇಲಿನ 24 ತಿಂಗಳಿಗೆ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಇದನ್ನು ನಾಲ್ಕು ವರ್ಷದ ವಾರಂಟಿ ಅಂತ ಹೇಳಿ ಮಾರುವವರೂ ಇದ್ದಾರೆ.

ಹಾಕುವ ಕೆಲಸಕ್ಕೆ ಹೆಚ್ಚಿನ ಕಾರುಗಳಲ್ಲಿ 10ರ ಸ್ಪಾನರ್ ಸಾಕು. ಬ್ಯಾಟರಿ ಸಣ್ಣದಾದರೂ ಹತ್ತು ಕಿಲೋ ಹತ್ತಿರ ತೂಗುತ್ತದೆ, ಸೊಂಟ ನೋವಿದ್ದವರು ಎತ್ತುವುದು ಬೇಡ. ಉಂಗುರ, ಬಳೆ, ಸರ ತೆಗೆದಿಡಿ. ಒಳಗಿರುವುದು ಸಲ್ಫ್ಯೂರಿಕ್ ಆಸಿಡ್, ಬಟ್ಟೆಗೆ ಬಿದ್ದರೆ ತೂತು, ಆದ್ದರಿಂದ ಹಳೇ ಅಂಗಿ ಹಾಕಿಕೊಳ್ಳಿ. ಹತ್ತಿರ ಬೀಡಿ ಸಿಗರೇಟು ಬೇಡ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕೀಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಕಾರಿನ ಒಳಗೆ ಬಿಡಬೇಡಿ. ಕರೆಂಟ್ ಬಂದ ತಕ್ಷಣ ತಾನಾಗಿ ಲಾಕ್ ಆಗುವ ಕಾರುಗಳು ಉಂಟು.

ಕಳಚುವಾಗ ಮೈನಸ್ ಮೊದಲು, ಪ್ಲಸ್ ಆಮೇಲೆ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕಾರಿನ ಇಡೀ ಬಾಡಿ ಮೈನಸ್‌ಗೆ ಜೋಡಿಸಿದೆ. ಮೈನಸ್ ಹಾಗೇ ಇಟ್ಟುಕೊಂಡು ಪ್ಲಸ್ ಬಿಚ್ಚುವಾಗ ಸ್ಪಾನರಿನ ತುದಿ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಕಿಡಿ ಹಾರುತ್ತದೆ, ಸ್ಪಾನರ್ ಕೈ ಸುಡುತ್ತದೆ. ಮೈನಸ್ ಕಳಚಿದ್ದರೆ ತಾಗಿದರೂ ಎಂತದೂ ಆಗುವುದಿಲ್ಲ. ಕೇಬಲ್ ಕಳಚಿದ ಮೇಲೆ ಬ್ಯಾಟರಿ ಹಿಡಿದಿಟ್ಟ ಪಟ್ಟಿ ಬಿಚ್ಚಿ, ಹೊಸದು ಕೂರಿಸಿದ ಮೇಲೆ ಅದನ್ನು ಮರೆಯದೆ ಬಿಗಿ ಮಾಡಿ. ನಮ್ಮ ರಸ್ತೆಯ ಹೊಂಡಗಳಲ್ಲಿ ಸಡಿಲ ಬ್ಯಾಟರಿ ಕುಲುಕಿ ಬೇಗ ಹಾಳಾಗುತ್ತದೆ.

ಹಳೇ ಕಾಲದ ಕೆಲವರು ಡೈನಮೋ ಚಾರ್ಜ್ ಮಾಡುತ್ತಿದೆಯಾ ಅಂತ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕೇಬಲ್ ಕಿತ್ತು ತೋರಿಸುತ್ತಾರೆ. ನಿಮ್ಮ ಕಾರಿನ ಹತ್ತಿರ ಯಾರಾದರೂ ಹಾಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ ಮಾರಾಯ್ರೆ. ಆ ಕ್ಷಣ ವೋಲ್ಟೇಜ್ ಜಿಗಿದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೋದರೆ ಬ್ಯಾಟರಿಯ ಹತ್ತು ಪಾಲು ಖರ್ಚು. ಮಲ್ಟಿಮೀಟರ್ ಇದೆಯಲ್ಲ, ಎಂಜಿನ್ ಓಡುವಾಗ ಟರ್ಮಿನಲ್‌ಗೆ ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಒಳಗೆ ಇದ್ದರೆ ಡೈನಮೋ ಸರಿ ಇದೆ. 13 ಕೂಡ ಬರದಿದ್ದರೆ ಹೊಸ ಬ್ಯಾಟರಿಯೂ ನಾಲ್ಕು ದಿನದಲ್ಲಿ ಇಳಿಯುತ್ತದೆ.

ಸಮುದ್ರದ ಬದಿಯಲ್ಲಿ ಇರುವ ನಮಗೆ ಟರ್ಮಿನಲ್ ಮೇಲೆ ಕೂರುವ ಬಿಳಿ-ಹಸಿರು ಪುಡಿಯ ಉಪದ್ರ ಜಾಸ್ತಿ. ಎಷ್ಟೋ ಸಲ ಬ್ಯಾಟರಿ ಸರಿಯೇ ಇರುತ್ತದೆ, ಈ ಪುಡಿಯಿಂದ ಕರೆಂಟ್ ದಾಟುವುದಿಲ್ಲ. ಕೇಬಲ್ ಕಳಚಿದ ಮೇಲೆ ಅಡುಗೆ ಸೋಡ ಕಲಸಿದ ನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ನೊರೆ ನಿಂತ ಮೇಲೆ ಒರೆಸಿ ಪೂರ್ತಿ ಒಣಗಿಸಿ. ನೀರು ಬ್ಯಾಟರಿಯ ಮುಚ್ಚಳದ ಒಳಗೆ ಇಳಿಯದಂತೆ ನೋಡಿ. ಬಿಗಿ ಮಾಡಿದ ನಂತರ ಮೇಲಿಂದ ವ್ಯಾಸಲೀನ್ ಹಚ್ಚಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಹೀಗೆ ಮಾಡಿದರೆ ಬಹಳ ತೊಂದರೆ ತಪ್ಪುತ್ತದೆ.

ಹೊಸ ಬ್ಯಾಟರಿ ಹಾಕಿದ ಮೇಲೆ ಗಡಿಯಾರ ತಪ್ಪಿರುತ್ತದೆ, ತಾನಾಗಿ ಏರುವ ಗಾಜು ಅರ್ಧಕ್ಕೆ ನಿಲ್ಲಬಹುದು. ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಎರಡು-ಮೂರು ಸೆಕೆಂಡ್ ಹಿಡಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಎಲ್ಲ ಕಾರಿಗೂ ಈ ಕೆಲಸ ಮನೆಯಲ್ಲಿ ಬೇಡ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗುವ ಕಾರಾದರೆ ಅದಕ್ಕೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿಯೇ ಬೇಕು, ಸಾದಾ ಬ್ಯಾಟರಿ ಬೇಗ ಸಾಯುತ್ತದೆ. ಹೊಸ ಬ್ಯಾಟರಿಯನ್ನು ಕಂಪ್ಯೂಟರ್‌ನಲ್ಲಿ ದಾಖಲಿಸಬೇಕಾದ ದುಬಾರಿ ಜರ್ಮನ್ ಕಾರು, ಹೈಬ್ರಿಡ್, ಎಲೆಕ್ಟ್ರಿಕ್ ಆದರೆ ಸರ್ವಿಸ್ ಸೆಂಟರ್‌ಗೇ ಬಿಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಮುಟ್ಟಲೇಬೇಡಿ.

ಇನ್ನು ಕೀ ಸೆಲ್. ಅದು ಐದು ನಿಮಿಷದ ಕೆಲಸ. ಕಬ್ಬಿಣದ ಕೀ ಹೊರತೆಗೆದ ಜಾಗದಲ್ಲಿ ಸಣ್ಣ ಸಂದು ಇರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಟೇಪ್ ಸುತ್ತಿ ಮೆಲ್ಲ ತಿರುಗಿಸಿದರೆ ಎರಡು ಹೋಳಾಗುತ್ತದೆ. ಹಳೇ ಸೆಲ್ಲಿನ ಪ್ಲಸ್ ಯಾವ ಕಡೆ ಇತ್ತು ಅಂತ ಫೋಟೋ ತೆಗೆಯಿರಿ. ಹೆಚ್ಚಾಗಿ ಇರುವುದು ಸಿಆರ್2032, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಕೂಡ ಅಷ್ಟೇ ಅಗಲ, 3 ವೋಲ್ಟೇ, ಆದರೆ ದಪ್ಪ 2.5. ಅಂಗಡಿಯವರು "ಇದೂ ಆಗುತ್ತದೆ" ಅಂದರೆ ಒಪ್ಪಬೇಡಿ, ಸಡಿಲವಾಗಿ ಕೂತು ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಒಳಗಿನ ತಗಡಿನ ಮೇಲೆ ಕಿಲುಬು ಇದ್ದರೆ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ. ಹಳೇ ಸೆಲ್ಲಿಗೆ ಎರಡೂ ಬದಿ ಟೇಪ್ ಅಂಟಿಸಿ ಮಕ್ಕಳಿಗೆ ಸಿಗದ ಹಾಗೆ ಇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಮೊಮ್ಮಕ್ಕಳು ರಜೆಯಲ್ಲಿ ಬರುವ ಮನೆಯಲ್ಲಿ ಈ ಜಾಗ್ರತೆ ಬೇಕೇ ಬೇಕು.

ದೊಡ್ಡ ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ಹಾಕಬೇಡಿ. ಅಂಗಡಿಯವರೇ ಹಿಂದಕ್ಕೆ ಪಡೆದು ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ, ಒಳಗಿನ ಸೀಸಕ್ಕೆ ಬೆಲೆ ಉಂಟು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರ ಮೇಲೂ ಇದೆ.

ನೀವು ಕೇಳಿರದ ಒಂದು ಸಂಗತಿ: ಕೀಯನ್ನು ಎಲ್ಲಿ ತೂಗು ಹಾಕುತ್ತೀರಿ? ಪೋರ್ಟಿಕೋಗೆ ತಾಗಿದ ಗೋಡೆಯ ಮೊಳೆಗಾದರೆ ಬೇರೆ ಕಡೆ ಇಡಿ. ಕೀ ತೀರಾ ಹತ್ತಿರ ಇದ್ದರೆ ಕಾರು ಮತ್ತು ಕೀ ಪರಸ್ಪರ ಹುಡುಕುತ್ತಲೇ ಇದ್ದು ಎರಡರ ಬ್ಯಾಟರಿಯೂ ಸವೆಯಬಹುದು ಅಂತ ಕೆಲವು ಕಂಪನಿಗಳ ಮ್ಯಾನ್ಯುವಲ್‌ನಲ್ಲೇ ಎಚ್ಚರಿಕೆ ಇದೆ. ಟಿವಿ ಪಕ್ಕವೂ ಬೇಡ.

ವಾರಕ್ಕೊಮ್ಮೆ ಪೋರ್ಟಿಕೋದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವುದರಿಂದ ಪ್ರಯೋಜನ ಕಡಿಮೆ, ಐಡ್ಲಿಂಗ್‌ನಲ್ಲಿ ಡೈನಮೋ ಕೊಡುವುದು ಅಲ್ಪ. ಹೆದ್ದಾರಿ 66ರಲ್ಲಿ ಮೂಲ್ಕಿವರೆಗೆ ಹೋಗಿ ಬನ್ನಿ. ಅದಕ್ಕೂ ಆಗುವುದಿಲ್ಲ, ಮಗ ಬರುವುದು ಇನ್ನು ಮುಂದಿನ ರಜೆಗೆ ಅಂತಾದರೆ ಬ್ಯಾಟರಿ ತುಂಬಿಸಿ ಮೈನಸ್ ಕೇಬಲ್ ಕಳಚಿ ಇಟ್ಟುಬಿಡಿ. ಆಗ ಅಲಾರಂ ಇರುವುದಿಲ್ಲ, ಬಾಗಿಲನ್ನು ಕಬ್ಬಿಣದ ಕೀಯಿಂದಲೇ ಲಾಕ್ ಮಾಡಬೇಕು. ಬ್ಯಾಟರಿ ಕಳಚುವ ಮೊದಲೇ ಡಿಕ್ಕಿಯಲ್ಲಿ ಬೇಕಾದ ಸಾಮಾನು ಹೊರಗೆ ತೆಗೆದಿಡಿ, ಸ್ವಿಚ್ ಒತ್ತಿ ತೆರೆಯುವ ಡಿಕ್ಕಿ ಕರೆಂಟ್ ಇಲ್ಲದೆ ತೆರೆಯುವುದಿಲ್ಲ.